ಇಬ್ಬರು ಡಾಕ್ಟರ ಗುಳಿಗೆ

ಮೆಡಿಕಲ್ ಶಾಪಿನಲ್ಲಿ ಗುಳಿಗೆ ಶೀಟು ಕತ್ತರಿಸುವ ಸದ್ದು ಕೇಳಿದರೆ ಈಗಲೂ ನನಗೆ ಯಲ್ಲದಕೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮನಸ್ಸಿನ ಕಾಯಿಲೆಯಿದ್ದ ಚಿಕ್ಕಮ್ಮ, ಅಜ್ಜಿಯ ಕಿರಿಮಗಳು, ನಮ್ಮ ಮನೆಯಲ್ಲೇ ಇದ್ದಳು. ಚಿತ್ರದುರ್ಗದ ಡಾಕ್ಟರ ಗುಳಿಗೆಯಿಂದ ಅವಳು ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂರುವಂತಾಗಿದ್ದಳು. ನನ್ನ ಲಂಗ ಹೊಲಿಯುತ್ತಾ ಏನೋ ಗುನುಗುತ್ತಿದ್ದಳು. ಆದರೂ ಒಮ್ಮೊಮ್ಮೆ ಸುಮ್ಮನೆ ಅಳುತ್ತಾಳೆಂದು ಅಜ್ಜಿ ಅವಳನ್ನು ದಾವಣಗೆರೆಯ ಇನ್ನೊಬ್ಬ ಡಾಕ್ಟರಿಗೂ ತೋರಿಸಿಕೊಂಡು ಬಂದಳು. ಮೊದಲಿನ ಗುಳಿಗೆಯ ವಿಷಯವನ್ನು ಅಲ್ಲಿ ಹೇಳಲಿಲ್ಲ.

ಅದಾಗಿ ವಾರಕ್ಕೆ, ಆ ಮಧ್ಯಾಹ್ನ, ಚಿಕ್ಕಮ್ಮನಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಕೈ ಗಡಗಡ ನಡುಗಿತು, ರವಿಕೆ ಬೆವರಿನಲ್ಲಿ ತೊಯ್ದಿತು, ಮೈ ಕಾದ ಹಂಚಿನಂತೆ ಸುಡುತ್ತಿತ್ತು. ನನ್ನ ಹೆಸರೂ ಅವಳಿಗೆ ನೆನಪಾಗಲಿಲ್ಲ. ಅಪ್ಪ ಜೀಪು ತಂದು ಎಲ್ಲರನ್ನೂ ದುರ್ಗದ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿನ ಡಾಕ್ಟರಮ್ಮ ಅಜ್ಜಿಯ ಚೀಲದಲ್ಲಿದ್ದ ಗುಳಿಗೆಗಳನ್ನು ನೋಡಿ, "ಇವೆರಡನ್ನೂ ಒಟ್ಟಿಗೆ ಕೊಟ್ಟೋರು ಯಾರು?" ಎಂದರು.

"ನಾನೇ ಕಣವ್ವ," ಎಂದಳು ಅಜ್ಜಿ. "ಒಬ್ಬರ ಗುಳಿಗೇಲಿ ಅರ್ಧ ವಾಸಿಯಾಗೈತೆ, ಇಬ್ಬರದೂ ಕೊಟ್ರೆ ಪೂರಾ ಆಗ್ತೈತೆ ಅನ್ಕಂಡೆ."

"ಎರಡೂ ಒಳ್ಳೆ ಔಷಧಿನೇ ಅಜ್ಜಿ. ಆದ್ರೆ ಒಂದಕ್ಕೊಂದು ಆಗಿಬರಲ್ಲ. ಇನ್ನೊಂದು ದಿನ ಕೊಟ್ಟಿದ್ರೆ ಜೀವಾನೇ ಹೋಗ್ತಿತ್ತು."

ಮೂರು ದಿನ ಅಜ್ಜಿ ಮಂಚದ ಪಕ್ಕದಿಂದ ಏಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ಕಣ್ಣು ಬಿಟ್ಟು ನಮ್ಮೆಲ್ಲರ ಗುರುತು ಹಿಡಿದಳು. ನರ್ಸ್ ಗಂಜಿಯ ಲೋಟ ಕೊಟ್ಟು, ಕುಡಿಸಿರಿ ಎಂದರು. ಅಜ್ಜಿ ಲೋಟ ಹಿಡಿದು ನಿಂತೇ ಇದ್ದಳು; ಕೈ ಮುಂದೆ ಹೋಗಲಿಲ್ಲ.

"ಕೊಡವ್ವ, ಹಸಿವಾಗೈತೆ," ಎಂದು ಚಿಕ್ಕಮ್ಮ ಬಾಯಿ ತೆರೆದಳು.