ಮೋಟರ್ ಕೂಡಿಸಿದ ಗಿರಣಿ

ಮೂರನೆಯ ಸಲವೂ ಗಿರಣಿಯಿಂದ ಹಿಟ್ಟೇ ಉದುರಿತು. ಓಡ್ವಿನ್ ಅದನ್ನು ಬೊಗಸೆಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದು ನೋಡಿದ. ಬ್ರೆಡ್ಡು ಮಾಡುವಷ್ಟು ನುಣ್ಣನೆಯ ಹಿಟ್ಟು. ಬಿಯರ್ ಕಾಯಿಸುವವನಿಗೆ ಇದಕ್ಕಿಂತ ಅಪಶಕುನ ಬೇರೆ ಬೇಕೆ? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಕಾಳು ಎರಡು ಮೂರು ಹೋಳಾಗಬೇಕು, ಸಿಪ್ಪೆ ಮಾತ್ರ ಇಡಿಯಾಗಿ ಉಳಿಯಬೇಕು. ಹಿಟ್ಟಾದರೆ ಬಿಸಿನೀರಿನ ತೊಟ್ಟಿಯಲ್ಲಿ ಅಂಬಲಿಯಂತೆ ಗಟ್ಟಿಯಾಗಿ ಕೂತು, ತಳದಿಂದ ಒಂದು ತೊಟ್ಟು ರಸವೂ ಇಳಿಯುವುದಿಲ್ಲ. ಕ್ರಿಸ್‌ಮಸ್‌ಗೆ ಮೂರೇ ವಾರ. ವೊಸ್ ಸೀಮೆಯಲ್ಲಿ ಹಬ್ಬಕ್ಕೆ ಮನೆಯ ಬಿಯರ್ ಇಲ್ಲದವನು ಯಾವ ಮುಖ ಹೊತ್ತು ಬಾಗಿಲು ತೆರೆದಾನು?

"ನಿನ್ನ ಮೋಟರಿಗೆ ತಲೆ ಇಲ್ಲ ಮಾರಾಯ. ಹಿಡಿಕೆ ತಿರುಗಿಸ್ತಿದ್ದಾಗ ಈ ಕಾಟ ಇರಲಿಲ್ಲ," ಎಂದ ಮಾಗ್ನೆ, ಕಾಫಿಯನ್ನು ಊದುತ್ತಾ.

ಹಳ್ಳದ ಆಚೆ ಮನೆಯ ಮಾಗ್ನೆ ಮೂವತ್ತು ವರ್ಷ ಡಿಸೆಂಬರ್ ತಪ್ಪದೆ ಬಂದು ಆ ಹಿಡಿಕೆ ತಿರುಗಿಸಿದವನು. ಅವನು ತಿರುಗಿಸುತ್ತಿದ್ದ, ಓಡ್ವಿನ್ ಕಾಳು ಸುರಿಯುತ್ತಿದ್ದ, ಬಿಯರ್ ಇಬ್ಬರಿಗೂ ಅರ್ಧರ್ಧ. ಈ ವರ್ಷ ಮಾಗ್ನೆಯ ಭುಜವನ್ನು ಡಾಕ್ಟರು ಕೊಯ್ದು ಹೊಲಿದಿದ್ದರು. ಪಾಪ, ಅವನಿಗೆ ತ್ರಾಸವಾಗದಿರಲಿ ಎಂದೇ ಓಡ್ವಿನ್ ಹಳೆಯ ವಾಷಿಂಗ್ ಮಷೀನಿನ ಮೋಟರ್ ಬಿಚ್ಚಿ, ಬೆಲ್ಟು ಹಾಕಿ, ದೊಡ್ಡ ಚಕ್ರ ಕೂಡಿಸಿ ವೇಗ ತಗ್ಗಿಸಿ, ಗಿರಣಿಗೆ ಜೋಡಿಸಿದ್ದ. ಒಬ್ಬನೇ ಇದ್ದಾಗ ಪರೀಕ್ಷೆಗೆಂದು ಹಿಡಿ ಕಾಳು ಹಾಕಿ ಓಡಿಸಿದರೆ ಕಾಳು ಹೇಳಿ ಮಾಡಿಸಿದಂತೆ ಒಡೆಯುತ್ತಿತ್ತು. ಆ ಲೆಕ್ಕಕ್ಕೆ ಒಂದು ಮೂಟೆ ಹನ್ನೊಂದು ನಿಮಿಷದ ಕೆಲಸ. ಮಾಗ್ನೆಯನ್ನು ಕರೆದು ತೋರಿಸಹೋದರೆ ಮಾತ್ರ ಹಿಟ್ಟು.

ಓಡ್ವಿನ್‌ನ ತಲೆ ಮೊಸರುಗಡಿಗೆಯಾಯಿತು. ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದವನು, ಯಾವ ಯಂತ್ರವೂ ಅವನನ್ನು ಹೀಗೆ ಆಡಿಸಿರಲಿಲ್ಲ. ಆ ಸಂಜೆ ಲೈಬ್ರರಿ ಕಾರ್ಡನ್ನು ಕಾಳು ಒಡೆಯುವ ಎರಡು ಉರುಳೆಗಳ ನಡುವೆ ತೂರಿಸಿ ಸಂದು ಅಳೆದ, ಆ ಸಂದು ಕದಲದಂತೆ ಹಿಡಿಯುವ ನಟ್ಟು ಬಿಗಿದ, ನಟ್ಟಿನಿಂದ ಚೌಕಟ್ಟಿನವರೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದ. ಮರುದಿನ ಮಾಗ್ನೆ ಬಂದ. ಅವನನ್ನು ಗಿರಣಿ ಇದ್ದ ಕೊಟ್ಟಿಗೆಯಲ್ಲಿ ಕೂರಿಸಿ ಓಡ್ವಿನ್ ಮನೆಯೊಳಗೆ ಹೋಗಿ ಕಾಫಿ ತಂದ, ಗುಂಡಿ ಒತ್ತಿದ. ಮತ್ತೆ ಹಿಟ್ಟು. ಬಗ್ಗಿ ನೋಡಿದರೆ ಗೆರೆ ಎರಡು ತುಂಡಾಗಿತ್ತು, ನಟ್ಟಿನ ಮೇಲಿನ ತುಂಡು ಬೆರಳಗಲ ಪಕ್ಕಕ್ಕೆ ಸರಿದಿತ್ತು, ಉರುಳೆಗಳ ಸಂದು ಕಿರಿದಾಗಿತ್ತು. ನಟ್ಟು ತಾನಾಗಿ ಸಡಿಲವಾದೀತು, ತಾನಾಗಿ ಮತ್ತೆ ಬಿಗಿಯಾದೀತೆ? ಮಾಗ್ನೆ ಕಿಟಕಿಯಾಚೆ ಹಿಮವನ್ನು ಜನ್ಮದಲ್ಲಿ ಕಾಣದವನಂತೆ ನೋಡುತ್ತಿದ್ದ.

ಅವನನ್ನು ಕೇಳುವುದು ಬಿಟ್ಟು ಓಡ್ವಿನ್ ಅಡುಗೆಮನೆಗೆ ಹೋಗಿ ಹೆಂಡತಿ ಬೊರ್ಗಿಲ್ ಹತ್ತಿರ ಹೇಳಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಹಾಳಾಗುವ ಬಿಯರಿನಲ್ಲಿ ಅರ್ಧ ಅವನದೇ. ಸಿಟ್ಟೇ, ಹೊಟ್ಟೆಕಿಚ್ಚೇ, ಅರುಳು ಮರುಳೇ, ಒಂದೂ ತಿಳಿಯುತ್ತಿಲ್ಲ ಎಂದು ಗೋಳಾಡಿದ.

ಬೊರ್ಗಿಲ್ ಆಲೂಗಡ್ಡೆ ಸುಲಿಯುತ್ತಿದ್ದಳು. "ಹೆಂಡ್ತಿ ತೀರಿಹೋದ್ಮೇಲೆ ಮಾಗ್ನೆ ನಮ್ಮನೆಗೆ ಎಷ್ಟು ಸಲ ಬಂದಿದ್ದಾನೆ?"

"ಪ್ರತಿ ವರ್ಷ ಬರ್ತಾನಲ್ಲ, ಗಿರಣಿ ತಿರುಗ್ಸೋಕೆ."

"ಅದು ಬಿಟ್ಟು?"

"ಅದು ಬಿಟ್ಟು ಯಾಕೆ ಬರ್ತಾನೆ? ಕೆಲಸ ಇಲ್ದೆ ಸುಮ್‌ಸುಮ್ನೆ ಯಾರಾದ್ರೂ ಇನ್ನೊಬ್ಬರ ಮನೆಗೆ ಹೋಗ್ತಾರಾ?"

ಬೊರ್ಗಿಲ್ ಆಲೂಗಡ್ಡೆಯನ್ನು ನೀರಿಗೆ ಹಾಕಿ ಗಂಡನ ಮುಖ ನೋಡಿದಳು. ಓಡ್ವಿನ್ "ಕೆಲಸ ಇಲ್ದೆ..." ಎಂದು ತನ್ನ ಮಾತನ್ನೇ ಮತ್ತೆ ಗೊಣಗಿಕೊಂಡು ಕೊಟ್ಟಿಗೆಗೆ ಹಿಂದಿರುಗಿದ.

ಮಾಗ್ನೆಯ ಎದುರೇ ಸಂದು ಸರಿಪಡಿಸಿ ನಟ್ಟು ಬಿಗಿದ. "ಈ ಮೋಟರನ್ನ ಅದರ ಪಾಡಿಗೆ ಬಿಡೋ ಹಾಗಿಲ್ಲ ಕಣೋ," ಎಂದ, ಅವನ ಮುಖ ನೋಡದೆ. "ಪಕ್ಕದಲ್ಲಿ ಒಬ್ಬರು ಕೂತು ಸದ್ದು ಕೇಳ್ತಾ ಇರ್ಬೇಕು. ನಂಗೆ ಕಿವಿ ಮಂದ."

"ಎಷ್ಟು ಹೊತ್ತು?"

"ಮಧ್ಯಾಹ್ನದ ತನಕ. ಹಬ್ಬ ಆದ್ಮೇಲೂ ಬರ್ಬೇಕಾಗತ್ತೆ, ವಾರಕ್ಕೆ ಒಂದು ದಿನ ಓಡಿಸ್ತಾ ಇರ್ಬೇಕು ಇದನ್ನ."

ಮಾಗ್ನೆ ಬಹಳ ಗಂಭೀರವಾಗಿ ಯೋಚಿಸಿ, ಆಗಲಿ ಎಂದ. ಸ್ಟೂಲನ್ನು ಗಿರಣಿಯ ಪಕ್ಕಕ್ಕೆ ಎಳೆದುಕೊಂಡು ಕಿವಿ ವಾಲಿಸಿ ಕೂತ. ಓಡ್ವಿನ್ ಗುಂಡಿ ಒತ್ತಿದ. ಕಾಳು ಹೋಳು ಹೋಳಾಗಿ, ಸಿಪ್ಪೆ ಮುಕ್ಕಾಗದೆ ಬಿತ್ತು. ಹನ್ನೊಂದನೆಯ ನಿಮಿಷಕ್ಕೆ ಮೂಟೆ ಖಾಲಿ. ಓಡ್ವಿನ್ ಮೋಟರ್ ಆರಿಸಿ, ಇನ್ನೊಂದು ಸ್ಟೂಲು ತಂದು ಎದುರಿಗೆ ಕೂತ. ಮಧ್ಯಾಹ್ನ ಬೊರ್ಗಿಲ್ ಊಟಕ್ಕೆ ಕರೆಯಲು ಬಂದಾಗ ಇಬ್ಬರೂ ನಿಂತ ಗಿರಣಿಗೆ ಕಿವಿಗೊಟ್ಟು ಕೂತೇ ಇದ್ದರು.