ಎರಡೇ ಸದ್ದು

ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ, ಪುಣೆ ಕ್ಯಾಂಪಿನ ಬಂದೂಕಿನ ಅಂಗಡಿಯಲ್ಲಿ, ಖಾಲಿ ರಿವಾಲ್ವರಿನ ಹಿಂಬದಿಯ, ಗುಂಡು ಸಿಡಿಸುವ ಹ್ಯಾಮರು ಸೀರೆ ವ್ಯಾಪಾರಿ ಬಸವಪ್ರಭು ಅವರ ಹೆಬ್ಬೆರಳಿನಿಂದ ಮೂರನೆಯ ಸಲ ಜಾರಿತು. ಪ್ರತಿ ಗುಂಡಿಗೂ ಮೊದಲು ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆಯಬೇಕಾದ ಹಳೆಯ ಮಾದರಿ ಅದು. ಪೂರ್ತಿ ಎಳೆದರೆ ನಾಲ್ಕು ಸಲ ಕಟ್ ಎನ್ನಬೇಕು. ಅವರ ಕೈಯಲ್ಲಿ ಎರಡೇ ಆಗುತ್ತಿತ್ತು. ಮುಂದಿನ ತಿಂಗಳು ಶೂಟಿಂಗ್ ಕ್ಲಬ್ಬಿನಲ್ಲಿ ಕೌಬಾಯ್ ಮಾದರಿಯ ಸ್ಪರ್ಧೆ; ಅವರೂ ಮಗಳೂ ಹೆಸರು ಕೊಟ್ಟಿದ್ದರು. ಒಂದೇ ಕೈಯಲ್ಲಿ ಹಾರಿಸಬೇಕೆಂಬುದು ನಿಯಮ.

"ಸೀರಿ ಮಡಚಿ ಮಡಚಿ ಹೆಬ್ಬೆಟ್ಟು ಸವದದ ಏನ್ರಿ ಸಾವಕಾರ್ರ?" ಅಂಗಡಿಯ ಮಾಲೀಕ, ಬೆಳಗಾವಿ ಕಡೆಯ ರಾನಡೆ ನಕ್ಕರು.

"ಇದರ ಸ್ಪ್ರಿಂಗೇ ಬಿರುಸದರಿ," ಎಂದರು ಬಸವಪ್ರಭು.

"ಹಂಗಾದ್ರ ತಂಗಿ, ನೀ ಎಳದು ನೋಡು." ರಾನಡೆ ರಿವಾಲ್ವರನ್ನು ಪಕ್ಕದಲ್ಲಿದ್ದ ಬಸವಪ್ರಭು ಅವರ ಮಗಳು ದೀಪಾಲಿಯ ಕೈಗಿಟ್ಟರು.

ದೀಪಾಲಿ ಇಂಥದೇ ರಿವಾಲ್ವರನ್ನು ಕ್ಲಬ್ಬಿನಲ್ಲಿ ಎರಡು ವರ್ಷದಿಂದ ಹಾರಿಸುತ್ತಿದ್ದಳು, ಕಲಿಸಿದವರು ಅಪ್ಪನೇ. ಬೆರಳಿಟ್ಟ ಕೂಡಲೇ ಅವಳಿಗೆ ತಿಳಿಯಿತು, ಸ್ಪ್ರಿಂಗು ಮೆತ್ತಗಿತ್ತು. ಅಂದು ಬೆಳಿಗ್ಗೆ ಅವ್ವನೇ ಅಪ್ಪನಿಗೆ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದುದು ಏಕೆಂಬುದೂ ಆಗಲೇ ಹೊಳೆಯಿತು. ಎರಡು ಸದ್ದಾಗುವವರೆಗೆ ಎಳೆದು, ಬೆರಳು ಸಡಿಲಿಸಿದಳು.

"ಹೌದ್ರಿ ಅಪ್ಪಾಜಿ, ಭಾಳ ಬಿರುಸದ."

ಬಸವಪ್ರಭು ಮಗಳ ಹೆಬ್ಬೆರಳನ್ನೇ ನೋಡಿದರು. ಆಮೇಲೆ ರಿವಾಲ್ವರನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಗಾಜಿನ ಮೇಲಿಟ್ಟರು.

"ಸುಳ್ಳು ಹೇಳೂದು ನಾ ಕಲಿಸಿಲ್ಲ ನಿನಗ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಅವರು ಕ್ಲಬ್ಬಿಗೆ ಫೋನ್ ಮಾಡಿ, ಸ್ಪರ್ಧೆಯ ಪಟ್ಟಿಯಿಂದ ತಮ್ಮ ಹೆಸರು ತೆಗೆಸಿದರು. ಮಗಳ ಹೆಸರು ಹಾಗೇ ಇರಲಿ ಎಂದರು.