ಲೋಟದಲ್ಲಿದ್ದ ಹಲ್ಲು

ಬಾಗಿಲು ಬಡಿದದ್ದು ಕೈಯಲ್ಲ, ಊರುಗೋಲು. ಮೂರು ಏಟು. ಸಮಾಲೋಚಕಿ ಚಿಲಕ ತೆಗೆಯುವಷ್ಟರಲ್ಲಿ ನಾಲ್ಕನೆಯದೂ ಬಿತ್ತು.

ಮೊದಲು ಮಗ ಒಳಗೆ ಬಂದ. ಎರಡೂ ಕೈಯಲ್ಲಿ ಗಾಜಿನ ಲೋಟ. ಅದರ ನೀರಿನಲ್ಲಿ ಕಟ್ಟಿಸಿದ ಹಲ್ಲಿನ ಜೋಡಿ ನಗುತ್ತಿತ್ತು.

“ಒಂದು ವಾರ, ಮೇಡಂ! ಒಂದು ಸಲಾನೂ ಕಳುವಾಗಿಲ್ಲ. ಊಟಕ್ಕೆ ಕೊಡೋದು, ಕೈ ತೊಳೆಯೋಕೆ ಮುಂಚೆ ಇಸ್ಕೊಳ್ಳೋದು. ರಾತ್ರಿ ನನ್ನ ದಿಂಬಿನ ಕೆಳಗೆ.”

ಹಿಂದೆಯೇ ಇಬ್ಬರು ಅಜ್ಜಿಯರು ಬಂದು ಸೋಫಾದ ಎರಡು ತುದಿಗಳಲ್ಲಿ ಕುಳಿತರು. ಮೊಮ್ಮಕ್ಕಳು ಇಟ್ಟ ಹೆಸರು ಗಿಡ್ಡಜ್ಜಿ, ಉದ್ದಜ್ಜಿ. ಗಿಡ್ಡಜ್ಜಿ ಅವನ ತಾಯಿ. ಕನ್ನಡ ಬಿಟ್ಟರೆ ಬೇರೆ ಭಾಷೆ ತಿಳಿಯದು. ಉದ್ದಜ್ಜಿ ಅವನ ಹೆಂಡತಿಯ ತಾಯಿ, ಕನ್ನಡದ ಗಂಧಗಾಳಿಯಿಲ್ಲ. ಎಂಟು ವರ್ಷದಿಂದ ಇಬ್ಬರಿಗೂ ಒಂದೇ ಕೋಣೆ. ಹಲ್ಲು ಉದ್ದಜ್ಜಿಯದು. ಕದಿಯುವವಳು ಗಿಡ್ಡಜ್ಜಿ ಎಂಬುದು ಮನೆಯವರ ತೀರ್ಪು. ಹಿಂದಿನ ತಿಂಗಳು ಅದು ಒಮ್ಮೆ ಬಟ್ಟೆ ಒಗೆಯುವ ಯಂತ್ರದಲ್ಲಿ, ಒಮ್ಮೆ ಮಗನ ಶೂನಲ್ಲಿ ಸಿಕ್ಕಿತ್ತು. ಅದೂ ಕಾಲು ಹಾಕಿದ ಮೇಲೆ.

ಎರಡೂ ಭಾಷೆ ಬಲ್ಲ ಸಮಾಲೋಚಕಿ ಊರಿಗೆ ಇವಳೊಬ್ಬಳೇ. ಹಿರಿಯರೆದುರು ‘ಮನಸ್ಸು ಸರಿಯಿಲ್ಲ’ ಎಂದರೆ ಅವಮಾನ, ‘ಮಂಡಿ ನೋವು’ ಎಂದರೆ ಮರ್ಯಾದೆ ಎಂದು ಅರಿತವಳು. ಪ್ರತಿ ಶುಕ್ರವಾರ ಮಂಡಿಯಿಂದಲೇ ಮಾತು ಆರಂಭಿಸುತ್ತಿದ್ದಳು. ಬೈಗುಳಗಳನ್ನು ಸೋಸಿ ದಾಟಿಸುತ್ತಿದ್ದಳು.

“ಇವತ್ತು ಪತ್ರ ಬೇಕೇ ಬೇಕು,” ಎಂದ ಮಗ. “ಅಮ್ಮ ಇನ್ನು ಅಣ್ಣನ ಮನೇಲಿರಬೇಕು. ಕದಿಯೋ ಹುಚ್ಚು ವಾಸಿಯಾಗಿದೆ ಅಂತ ಬರೆಸ್ಕೊಂಡು ಬರದಿದ್ರೆ ಅತ್ತಿಗೆ ಬಾಗಿಲು ತೆಗೆಯಲ್ವಂತೆ. ಭಾನುವಾರಕ್ಕೆ ಟಿಕೆಟ್ ಆಗಿದೆ.”

“ವಾಪಸ್ ಯಾವಾಗ?”

“ವಾಪಸ್ಸೇನು ಬಂತು? ಇನ್ನು ಅಲ್ಲೇ.”

ಗಿಡ್ಡಜ್ಜಿ ಕೆಮ್ಮಿದಳು. “ಈ ಒಂಟೆ ಗೊರಕೆ ಹೊಡೆದ್ರೆ ಕಿಟಕಿ ಗಾಜು ಅಲ್ಲಾಡುತ್ತೆ. ಅದನ್ನೂ ಹೇಳಮ್ಮ ಅವಳಿಗೆ.”

ಉದ್ದಜ್ಜಿ ಬೊಚ್ಚುಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

“ನೀವು ಚೆನ್ನಾಗಿ ನಿದ್ದೆ ಮಾಡಿದ್ರೆ ಇವರಿಗೂ ನೆಮ್ಮದಿಯಂತೆ,” ಎಂದು ಸಮಾಲೋಚಕಿ ಆಮೇಲೆ ಅನುವಾದಿಸಿದಳು. ಉದ್ದಜ್ಜಿ ತಟ್ಟನೆ ಮುಖ ಗಂಟಿಕ್ಕಿದಳು.

ಪತ್ರ ಬರೆಯುತ್ತಿದ್ದ ಸಮಾಲೋಚಕಿಯ ಪೆನ್ನು ಒಂದು ಕ್ಷಣ ನಿಂತಿತು. ನಂತರ ಸಹಿ ಹಾಕಿದಳು. ಅಣ್ಣನಿಗೆ ಸುದ್ದಿ ಮುಟ್ಟಿಸಲು ಮಗ ಲೋಟವನ್ನು ಮೇಜಿನ ಮೇಲಿಟ್ಟು, ಫೋನು ಹಿಡಿದು ಹೊರಗೆ ಓಡಿದ.



“ಗಾಡಿ ಎಷ್ಟು ಗಂಟೆಗೆ?” ಎಂದು ಉದ್ದಜ್ಜಿ ತನ್ನ ಭಾಷೆಯಲ್ಲಿ ಕೇಳಿದಳು.

“ಬೆಳಗ್ಗೆ ಆರಕ್ಕೆ,” ಎಂದಳು ಗಿಡ್ಡಜ್ಜಿ, ಕನ್ನಡದಲ್ಲಿ.

ನಡುವೆ ಸಮಾಲೋಚಕಿ ಬಾಯಿಯನ್ನೇ ತೆರೆದಿರಲಿಲ್ಲ. ಅಜ್ಜಿಯರಿಬ್ಬರೂ ಬೆಚ್ಚಿ, ಮುಖ ತಿರುಗಿಸಿ, ಕಿಟಕಿಯಾಚೆ ಏನೋ ಇದೆಯೆಂಬಂತೆ ನೋಡತೊಡಗಿದರು. ಗಿಡ್ಡಜ್ಜಿಯ ಕಣ್ಣು ತುಂಬಿತ್ತು.

ಮಗ ಮರಳಿದಾಗ ಲೋಟದಲ್ಲಿ ನೀರು ಮಾತ್ರವಿತ್ತು.

ಅವನು ಸೋಫಾದ ದಿಂಬುಗಳನ್ನು ಕೊಡವಿದ. ಇಬ್ಬರ ಕೈಚೀಲಗಳನ್ನೂ ಬೋರಲು ಹಾಕಿದ. ಹೂಕುಂಡದ ಮಣ್ಣು ಕೆದಕಿದ. ಕೊನೆಗೆ, ಏನೂ ತೋಚದೆ, ತನ್ನ ಶೂ ಬಿಚ್ಚಿ ನೋಡಿದ. ಅಜ್ಜಿಯರು ಒಬ್ಬರನ್ನೊಬ್ಬರು ಮೆಚ್ಚುಗೆಯಿಂದ ನೋಡಿಕೊಂಡರು.

ಮೇಜಿನ ಮೇಲಿದ್ದ ಪತ್ರದಲ್ಲಿ ಸಹಿಯ ಮೇಲೆ ನೀರಿನ ಹನಿ ಬಿದ್ದು ಶಾಯಿ ಹರಡಿತ್ತು. ಸಮಾಲೋಚಕಿ ಅದನ್ನು ಹರಿದು ಬುಟ್ಟಿಗೆ ಹಾಕಿದಳು.

“ಕಾಯಿಲೆ ಮರುಕಳಿಸಿದೆ. ಕನಿಷ್ಠ ಒಂದು ವರ್ಷ ಚಿಕಿತ್ಸೆ ಬೇಕು. ಅಲ್ಲಿಯವರೆಗೆ ಇಬ್ಬರನ್ನೂ ಬೇರೆ ಮಾಡುವಂತಿಲ್ಲ. ಕೋಣೆಯೂ ಬದಲಾಗಬಾರದು.”

ಮಗ ತಲೆ ಚಚ್ಚಿಕೊಂಡು, ಟಿಕೆಟ್ ರದ್ದು ಮಾಡಿಸಲು ಫೋನಿನಲ್ಲಿ ಕೂಗಾಡುತ್ತ ಮೆಟ್ಟಿಲಿಳಿದ. ಹಿಂದೆ ಅಜ್ಜಿಯರು ತೋಳಿಗೆ ತೋಳು ಸೇರಿಸಿ ಇಳಿಯುತ್ತಿದ್ದರು.

“ಯಾವ ಮಾಯದಲ್ಲಿ ಎತ್ತಿದ್ಯೇ, ಒಂಟೆ?”

“ನಾನೆಲ್ಲಿ ಎತ್ತಿದೆ? ನೀನೇ ಅಂದ್ಕೊಂಡೆ!”

ಇಬ್ಬರೂ ಒಟ್ಟಿಗೆ ನಿಂತರು. ಒಟ್ಟಿಗೆ ತಲೆಯೆತ್ತಿ ಮೇಲಿನ ಬಾಗಿಲು ನೋಡಿದರು.

ಅಲ್ಲಿ, ಸಮಾಲೋಚಕಿಯ ಕೋಟಿನ ಜೇಬಿನಿಂದ ನೀರು ತೊಟ್ಟಿಕ್ಕುತ್ತಿತ್ತು.